ಬಾಸ್ಟನ್ ಹಾರ್ಬರ್‌ನಲ್ಲಿ ಸ್ಟ್ರೈಪರ್, ಬ್ಲೂಫಿಶ್ ಚಾರ್ಟರ್: ಯಾವ ದಿನ, ಯಾವ ಇಳಿತ, ಕ್ಯಾಪ್ಟನ್ ಹತ್ತಿರ ಏನು ಕೇಳಬೇಕು?

ಕುಂದಾಪ್ರ_ಟು_ಕ್ವಿನ್ಸಿ:

ಹ್ವಾಯ್, ಎಲ್ಲರಿಗೂ ನಮಸ್ಕಾರ. ಜುಲೈ ಕೊನೆಯ ಎರಡು ವಾರದಲ್ಲಿ ಒಂದು ದಿನ ಬಾಸ್ಟನ್ ಹಾರ್ಬರ್‌ನಲ್ಲಿ ಚಾರ್ಟರ್ ದೋಣಿ (ಕ್ಯಾಪ್ಟನ್ ಸಮೇತ ಬಾಡಿಗೆಗೆ ಬರುವ ಮೀನುಗಾರಿಕೆ ದೋಣಿ) ಗೊತ್ತು ಮಾಡಬೇಕು. ಐದು ಜನ: ಊರಿಂದ ಬಂದಿರುವ ಅಪ್ಪಯ್ಯ, ಅಮ್ಮ (ಇಬ್ಬರಿಗೂ 65 ದಾಟಿದೆ), ನಾವಿಬ್ಬರು, 9 ವರ್ಷದ ಮಗಳು. ಅಪ್ಪಯ್ಯನಿಗೆ ಅಳಿವೆಯಲ್ಲಿ ಕೈದಾರ ಬಿಟ್ಟು ಅಭ್ಯಾಸವಿದೆ. ರಾಡು, ರೀಲು ನಮ್ಮಲ್ಲಿ ಯಾರಿಗೂ ಗೊತ್ತಿಲ್ಲ. ಮುಖ್ಯವಾಗಿ ಬೇಕಾದ್ದು ಸ್ಟ್ರೈಪ್ಡ್ ಬಾಸ್ (ಸ್ಟ್ರೈಪರ್ ಅನ್ನುವುದೂ ಇದನ್ನೇ), ಬ್ಲೂಫಿಶ್ ಸಿಕ್ಕರೆ ಇನ್ನೂ ಸಂತೋಷ.

4 ತಾಸಿನ ಟ್ರಿಪ್ಪು ಸಾಕೋ, 6 ತಾಸು ಬೇಕೋ? ದಿನ ಆರಿಸುವಾಗ ಉಬ್ಬರ ಇಳಿತ ನೋಡಬೇಕೋ, ಕ್ಯಾಪ್ಟನ್ ಹೇಳಿದ ದಿನಕ್ಕೆ ಹೂಂ ಅಂದರೆ ಆಯಿತೋ? ಜೀವಂತ ಎರೆ, ಲೂರ್ (ಕೃತಕ ಎರೆ), ಟ್ರೋಲಿಂಗ್ (ಚಲಿಸುವ ದೋಣಿಯ ಹಿಂದೆ ಎಳೆಯುವುದು) ಮೂರರಲ್ಲಿ ವಯಸ್ಸಾದವರಿಗೂ ಮಗುವಿಗೂ ಹಿಡಿಸುವುದು ಯಾವುದು? ಲೈಸೆನ್ಸ್ ನಾವು ಮಾಡಿಸಿಕೊಳ್ಳಬೇಕೋ? ಮನೆಗೆ ಎಷ್ಟು ಮೀನು ತರಬಹುದು? ಎಲ್ಲರೂ ಫಿಲೆ (ಮುಳ್ಳು ಬಿಡಿಸಿದ ಹೋಳು) ಮಾಡಿ ಕೊಡುತ್ತಾರಂತೆ, ನಮಗೆ ತಲೆ ಸಮೇತ ತುಂಡು ಬೇಕು. ದಯವಿಟ್ಟು ವಿವರವಾಗಿ ಹೇಳಿ.

ಧಕ್ಕೆ617:

ಮೊದಲು ಕಾನೂನು ಹೇಳುತ್ತೇನೆ. ಏನು ನಿರೀಕ್ಷೆ ಇಟ್ಟುಕೊಂಡು ಹೋಗಬೇಕು ಅನ್ನುವುದು ಅದರ ಮೇಲೇ ನಿಂತಿದೆ.

ಮ್ಯಾಸಚೂಸೆಟ್ಸ್‌ನಲ್ಲಿ ತಲೆಗೆ ದಿನಕ್ಕೆ ಒಂದೇ ಸ್ಟ್ರೈಪರ್. ಅದರ ಉದ್ದ 28 ಇಂಚು ಮುಟ್ಟಿರಬೇಕು, 31 ಇಂಚಿಗಿಂತ ಕಡಿಮೆ ಇರಬೇಕು. ಈ ಮೂರು ಇಂಚಿನ ಕಿಂಡಿಗೇ ಇಲ್ಲಿ ‘ಸ್ಲಾಟ್’ ಅನ್ನುವುದು. ಮೊದಲು ಮೇಲಿನ ಮಿತಿ 35 ಇಂಚು ಇತ್ತು. 2015ರಲ್ಲಿ ಹುಟ್ಟಿದ ದೊಡ್ಡ ತಲೆಮಾರು ಆ ಅಳತೆಯೊಳಗೆ ಬಂದು ವಿಪರೀತ ಹಿಡಿತವಾದದ್ದರಿಂದ 2023ರ ಮೇ ತಿಂಗಳಲ್ಲಿ ಅಟ್ಲಾಂಟಿಕ್ ಕರಾವಳಿ ರಾಜ್ಯಗಳ ಮೀನುಗಾರಿಕಾ ಆಯೋಗ ತುರ್ತಾಗಿ 31ಕ್ಕೆ ಇಳಿಸಿತು. ಈ ಕರಾವಳಿಯ ಸ್ಟ್ರೈಪರ್‌ಗಳಲ್ಲಿ ಬಹುಪಾಲು ಹುಟ್ಟುವುದು ಚೆಸಾಪೀಕ್ ಕೊಲ್ಲಿಯ ನದಿಗಳಲ್ಲಿ. ಅಲ್ಲಿ 2019ರಿಂದ ಮರಿಗಳ ಎಣಿಕೆ ಸರಾಸರಿಗಿಂತ ಕೆಳಗೇ ಬರುತ್ತಿದೆ. ಹಾಗಾಗಿ ಈ ನಿಯಮ ಸಡಿಲವಾಗಬೇಕು ಅಂತ ಆಸೆಪಡುವುದೂ ತಪ್ಪು ಅನ್ನುವುದು ನನ್ನ ಅಭಿಪ್ರಾಯ.

ಲೆಕ್ಕ ಹೀಗೆ: 26 ಇಂಚಿನ ಮೀನೂ ವಾಪಸ್, 36 ಇಂಚಿನ ಮೀನೂ ವಾಪಸ್. ಐದು ಜನಕ್ಕೆ ಹೆಚ್ಚೆಂದರೆ ಐದು. ಆದರೆ ಒಳ್ಳೆಯ ದಿನದಲ್ಲೂ ಸ್ಲಾಟಿನೊಳಗೆ ಒಂದೆರಡು ಸಿಕ್ಕರೆ ತೃಪ್ತಿಪಡಿ. 28 ಇಂಚಿನದ್ದೇ 8ರಿಂದ 10 ಪೌಂಡ್ ತೂಗುತ್ತದೆ, ಒಂದು ಮೀನಿನಲ್ಲಿ ಐದು ಜನರ ಎರಡು ಹೊತ್ತಿನ ಊಟ ಆಗುತ್ತದೆ. ಅಳೆಯುವಾಗ ಮೀನನ್ನು ಚಪ್ಪಟೆ ಹಲಗೆಯ ಮೇಲೆ ಮಲಗಿಸಿ, ಬಾಯಿ ಮುಚ್ಚಿ, ಬಾಲದ ಎರಡು ತುದಿ ಕೂಡಿಸಿ ಹಿಡಿದು ನೋಡಬೇಕು. ಟೇಪನ್ನು ಹೊಟ್ಟೆಯ ಉಬ್ಬಿನ ಮೇಲೆ ಹಾಯಿಸಿದರೆ ಉದ್ದ ತಪ್ಪು ಬರುತ್ತದೆ. ಕಿಂಡಿ ಇಷ್ಟು ಕಿರಿದಿರುವಾಗ ಅರ್ಧ ಇಂಚಿನ ತಪ್ಪೂ ದಂಡಕ್ಕೆ ದಾರಿ.

ಬ್ಲೂಫಿಶ್‌ಗೆ ಬೇರೆ ಲೆಕ್ಕ. ಸ್ವಂತ ದೋಣಿಯವರಿಗೆ ತಲೆಗೆ 3, ಚಾರ್ಟರ್ ಗಿರಾಕಿಗಳಿಗೆ ತಲೆಗೆ 5 ಅಂತ 2020ರಲ್ಲಿ ಮಿತಿ ತಂದಿದ್ದರು. ಈ ಸಂಖ್ಯೆಗಳನ್ನು ಆಗಾಗ ಪರಿಷ್ಕರಿಸುತ್ತಾರೆ, ಹೊರಡುವ ವಾರ ರಾಜ್ಯದ ಮರೀನ್ ಫಿಶರೀಸ್ ಪುಟ ನೋಡಿಕೊಳ್ಳಿ. ಲೈಸೆನ್ಸ್ ನಿಮಗೆ ಬೇಡ. ದೋಣಿಯ ಚಾರ್ಟರ್ ಪರ್ಮಿಟ್ಟೇ ಗಿರಾಕಿಗಳಿಗೂ ಸಲ್ಲುತ್ತದೆ. ದಡದಿಂದ ಗಾಳ ಹಾಕುವುದಾದರೆ 16 ದಾಟಿದವರು ಮಾಡಿಸಿಕೊಳ್ಳಬೇಕು.

ಕ್ಯಾಪ್ಟನ್ ಹತ್ತಿರ ಕೇಳಬೇಕಾದ್ದು. ಕೋಸ್ಟ್ ಗಾರ್ಡ್ ಲೈಸೆನ್ಸ್ ಇದೆಯೋ? ಸಣ್ಣ ದೋಣಿಗಳದ್ದು ಸಾಮಾನ್ಯವಾಗಿ ‘ಸಿಕ್ಸ್ ಪ್ಯಾಕ್’ ಲೈಸೆನ್ಸ್, ಅಂದರೆ ಹಣ ಕೊಟ್ಟ ಪ್ರಯಾಣಿಕರು ಆರಕ್ಕಿಂತ ಹೆಚ್ಚು ಹತ್ತುವಂತಿಲ್ಲ. ಮಗುವೂ ಒಂದು ತಲೆಯೇ. ನೀವು ಐದು, ಪರವಾಗಿಲ್ಲ. ಕೊನೆಗಳಿಗೆಯಲ್ಲಿ ಇನ್ನಿಬ್ಬರು ಸ್ನೇಹಿತರನ್ನು ಸೇರಿಸಿಕೊಳ್ಳಲು ಹೋಗಬೇಡಿ. ದೋಣಿಯಲ್ಲಿ ಶೌಚಕ್ಕೆ ಏನು ವ್ಯವಸ್ಥೆ? ಸೆಂಟರ್ ಕನ್ಸೋಲ್ (ನಡುವೆ ಚುಕ್ಕಾಣಿಯ ಕಟ್ಟೆ ಇರುವ ತೆರೆದ) ದೋಣಿಗಳಲ್ಲಿ ಕೆಲವಕ್ಕೆ ಕನ್ಸೋಲ್ ಒಳಗೆ ಬಗ್ಗಿ ಹೋಗುವ ಪುಟ್ಟ ಕೋಣೆ ಇರುತ್ತದೆ, ಕೆಲವಕ್ಕೆ ಬಕೆಟ್ಟೇ ಗತಿ. ಅಮ್ಮನವರು ಬರುತ್ತಿರುವುದರಿಂದ ಇದನ್ನು ನಾಚಿಕೆ ಬಿಟ್ಟು ಮೊದಲೇ ಕೇಳಿ. ಕುಳಿತುಕೊಳ್ಳಲು ಬೆನ್ನೊರಗು ಇರುವ ಸೀಟು ಎಷ್ಟು, ನೆರಳು ಎಷ್ಟು? ಮಗುವಿನ ಅಳತೆಯ ಲೈಫ್ ಜಾಕೆಟ್ ಇದೆಯೋ? 12 ವರ್ಷದೊಳಗಿನವರು ದೋಣಿ ಚಲಿಸುವಾಗ ಹಾಕಿಕೊಂಡೇ ಇರಬೇಕು ಅನ್ನುವುದು ರಾಜ್ಯದ ಕಾನೂನು. ಎರೆ, ಇಂಧನ, ಐಸು, ಮೀನು ಶುಚಿ ಮಾಡುವುದು ಬಾಡಿಗೆಯಲ್ಲಿ ಸೇರಿದೆಯೋ? ಹವಾಮಾನ ಕೆಟ್ಟರೆ ಮುಂಗಡ ವಾಪಸ್ಸೋ, ಬೇರೆ ದಿನವೋ? ಬಾಡಿಗೆಯ ಮೇಲೆ 15ರಿಂದ 20 ಶೇಕಡಾ ಟಿಪ್ ಇಲ್ಲಿನ ವಾಡಿಕೆ, ಅದನ್ನೂ ಲೆಕ್ಕಕ್ಕೆ ಹಿಡಿದುಕೊಳ್ಳಿ.

ಹಲ್_ಗಟ್:

ಉಬ್ಬರ ಇಳಿತ ನೋಡದೆ ದಿನ ಗೊತ್ತು ಮಾಡುವುದು ಅಂದರೆ ಸಂತೆ ಯಾವತ್ತು ಅಂತ ಕೇಳದೆ ಸಂತೆಗೆ ಹೋದ ಹಾಗೆ. ಊರ ಕಡಲಿನ ಅಂದಾಜು ಇಲ್ಲಿ ನಡೆಯುವುದಿಲ್ಲ. ಬಾಸ್ಟನ್‌ನಲ್ಲಿ ಉಬ್ಬರಕ್ಕೂ ಇಳಿತಕ್ಕೂ ನಡುವಿನ ಎತ್ತರ ಸರಾಸರಿ ಸುಮಾರು 9.5 ಅಡಿ. ಅಷ್ಟು ನೀರು ಆರು ತಾಸಿನಲ್ಲಿ ದ್ವೀಪಗಳ ಸಂದಿಯಿಂದ ಹೊರಗೆ ಹರಿಯಬೇಕು. ಸ್ಟ್ರೈಪರ್ ಆ ಹರಿವಿಗೆ ಮುಖಮಾಡಿ ಬಂಡೆಯ ಮರೆಯಲ್ಲಿ ನಿಂತು, ತೇಲಿಬರುವ ಸಣ್ಣ ಮೀನು, ಏಡಿ ತಿನ್ನುತ್ತದೆ. ನೀರು ನಿಂತರೆ ತಿನ್ನುವುದೂ ನಿಲ್ಲುತ್ತದೆ. ಆರು ತಾಸಿನಲ್ಲಿ ಮೂರನೆಯ, ನಾಲ್ಕನೆಯ ತಾಸಿನಲ್ಲೇ ಅರ್ಧದಷ್ಟು ನೀರು ಸರಿಯುತ್ತದೆ. ನಿಮ್ಮ ಟ್ರಿಪ್ಪಿನ ನಡುಭಾಗ ಆ ಎರಡು ತಾಸಿನ ಮೇಲೆ ಬೀಳಬೇಕು.

ಮನೆಯಲ್ಲಿ ಪಂಚಾಂಗ ಇದ್ದರೆ ದಿನ ಆರಿಸುವುದು ಸುಲಭ. ಬೇಸಿಗೆಯ ಗಡಿಯಾರದ ಪ್ರಕಾರ ಬಾಸ್ಟನ್‌ನಲ್ಲಿ ಹುಣ್ಣಿಮೆ, ಅಮಾವಾಸ್ಯೆಗಳಂದು ತುಂಬು ಉಬ್ಬರ ನಡುಹಗಲು, ನಡುರಾತ್ರಿಯ ಹತ್ತಿರ ಬರುತ್ತದೆ. ಆಮೇಲೆ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ. ಹಾಗಾಗಿ ಪಂಚಮಿಯ ಆಸುಪಾಸು ಬೆಳಗಿನ 4ಕ್ಕೆ ಉಬ್ಬರ ತುಂಬಿ 10ಕ್ಕೆ ಇಳಿತ ಮುಗಿಯುತ್ತದೆ. ಜುಲೈ ಕೊನೆಗೆ ಸೂರ್ಯ ಹುಟ್ಟುವುದು 5:30ರ ಸುಮಾರಿಗೆ. 5ಕ್ಕೆ ಹೊರಟರೆ ಮಬ್ಬುಬೆಳಕೂ ಇಳಿತದ ಬಿರುಸೂ ಒಟ್ಟಿಗೆ ಸಿಗುತ್ತವೆ. ನನ್ನ ಮೊದಲ ಆಯ್ಕೆ ಪಂಚಮಿ, ಷಷ್ಠಿ. ಅಷ್ಟಮಿಯಂದು ಉಬ್ಬರ 6ರ ಮೇಲಾಗುತ್ತದೆ, ಹರಿವೂ ಮಂದ. ಹುಣ್ಣಿಮೆ, ಅಮಾವಾಸ್ಯೆಗೆ ಬೆಳಗಿನ 6ಕ್ಕೆ ನೀರು ತಳ ಕಂಡು, ನಡುಹಗಲವರೆಗೆ ಏರುತ್ತದೆ. ಅದೂ ಕೆಟ್ಟದ್ದಲ್ಲ, ಜಾಗ ಮಾತ್ರ ಬೇರೆ. ಪಂಚಾಂಗದಿಂದ ವಾರ ಆರಿಸಿ, ಗಂಟೆಯನ್ನು ಅಮೆರಿಕದ ಕಡಲು, ಹವಾಮಾನ ಸಂಸ್ಥೆ NOAA ನಡೆಸುವ ಬಾಸ್ಟನ್ ಕೇಂದ್ರದ (8443970) ಪಟ್ಟಿಯಿಂದ ಖಚಿತ ಮಾಡಿಕೊಳ್ಳಿ.

ಇಳಿತಕ್ಕೆ ಸಂದಿಗಳು ಚೆನ್ನಾಗಿರುತ್ತವೆ: ಪೆಡಕ್ಸ್ ದ್ವೀಪಕ್ಕೂ ಹಲ್ ಊರಿನ ತುದಿಗೂ ನಡುವಿನ ಹಲ್ ಗಟ್, ಡಿಯರ್ ಐಲ್ಯಾಂಡ್ ಮೂಲೆ, ಬ್ರೂಸ್ಟರ್ ದ್ವೀಪಗಳ ಬಂಡೆಸಾಲು. ಏರುವ ನೀರಿಗೆ ತಗ್ಗು ಜಾಗಗಳು: ವಿಂತ್ರಾಪ್ ಕಡೆಯ ಕೆಸರುಬಯಲು, ಥಾಂಪ್ಸನ್ ದ್ವೀಪದ ಸುತ್ತ, ಕ್ವಿನ್ಸಿ ಕೊಲ್ಲಿ. ತಣ್ಣೀರಿನ ಜೊತೆ ಸಣ್ಣ ಮೀನು ಬಯಲಿಗೆ ಹತ್ತುತ್ತದೆ, ಅದರ ಹಿಂದೆ ಸ್ಟ್ರೈಪರ್. ಅಪ್ಪಯ್ಯನವರಿಗೆ ಇದು ಬಿಡಿಸಿ ಹೇಳಬೇಕಾಗಿಲ್ಲ, ಅಳಿವೆಯಲ್ಲಿ ನಡೆಯುವುದೂ ಇದೇ.

ಗಾಳಿ ಮರೆಯಬೇಡಿ. ಹರಿವಿಗೆ ಎದುರಾಗಿ 15 ನಾಟ್ ಗಾಳಿ ಬೀಸಿದರೆ ಸಂದಿಗಳಲ್ಲಿ ಕಡಿದಾದ ಗಿಡ್ಡ ಅಲೆ ಎದ್ದು, ನಿಂತವರ ಮೊಣಕಾಲು ಸೋಲುತ್ತದೆ. ಈಶಾನ್ಯದ ಗಾಳಿ ಎರಡು ದಿನ ಹಿಡಿದಿದ್ದರೆ ಬಾಸ್ಟನ್ ಲೈಟ್ ದೀಪಸ್ತಂಭದ ಆಚೆ ದೊಡ್ಡ ಉರುಳಲೆ ಇರುತ್ತದೆ, ಹಿರಿಯರನ್ನು ಅಲ್ಲಿಗೆ ಕರೆದೊಯ್ಯುವುದು ಬೇಡ. ಹವಾಮಾನ ಇಲಾಖೆಯ ಕಡಲ ಮುನ್ಸೂಚನೆಯಲ್ಲಿ ಬಾಸ್ಟನ್ ಹಾರ್ಬರ್‌ನ ವಲಯ ಎಎನ್‌ಜೆಡ್ 230. ಹಿಂದಿನ ಸಂಜೆ ಅದನ್ನು ಓದಿ.

ತಾಸಿನ ವಿಷಯ: ಎರೆ ಹಿಡಿಯುವುದು ನಿಮ್ಮ ಸಮಯದಲ್ಲೋ, ಕ್ಯಾಪ್ಟನ್ ಸಮಯದಲ್ಲೋ ಅನ್ನುವುದರ ಮೇಲೆ ನಿರ್ಧಾರ. ತೊಟ್ಟಿಯಲ್ಲಿ ಎರೆ ತುಂಬಿಸಿಕೊಂಡೇ ಧಕ್ಕೆಗೆ ಬರುತ್ತೇನೆ ಅಂದರೆ 4 ತಾಸು ಧಾರಾಳ. ನಿಮ್ಮನ್ನು ಹತ್ತಿಸಿಕೊಂಡ ಮೇಲೆ ಎರೆ ಹುಡುಕುವುದಾದರೆ ಒಂದು ತಾಸು, ಒಂದೂವರೆ ತಾಸು ಅದಕ್ಕೇ ಹೋಗುತ್ತದೆ, ಆಗ 6 ಬೇಕು. 65 ದಾಟಿದವರಿಗೆ, ಮಗುವಿಗೆ 6 ತಾಸಿನ ಬಿಸಿಲು ಕಷ್ಟ. ಎರೆ ಸಿದ್ಧವಿರುವ 4 ತಾಸಿನದ್ದನ್ನೇ ಹುಡುಕಿ.

ಉಪ್ಪುಗಾಳಿ:

ಜೀವಂತ ಎರೆ ಬಗ್ಗೆ ನಾನು ಬರೆಯುತ್ತೇನೆ. ಇಲ್ಲಿ ಎರೆ ಅಂದರೆ ಅಟ್ಲಾಂಟಿಕ್ ಮ್ಯಾಕರೆಲ್, ನಮ್ಮ ಬಂಗುಡೆಯ ಕುಟುಂಬದ್ದೇ ಇನ್ನೊಂದು ಜಾತಿ. ಅಪ್ಪಯ್ಯ, ಅಮ್ಮ ಇಬ್ಬರೂ ‘ಇಷ್ಟು ಚಂದದ ಬಂಗುಡೆಯನ್ನು ಎರೆಗೆ ಹಾಕುವುದಾ’ ಅಂತ ಕೇಳಿಯೇ ಕೇಳುತ್ತಾರೆ, ಅವರನ್ನು ಮೊದಲೇ ಸಿದ್ಧ ಮಾಡಿ. ಮೇ, ಜೂನ್‌ನಲ್ಲಿ ಇದು ಹಾರ್ಬರ್ ಬಾಯಲ್ಲೇ ಸಿಗುತ್ತದೆ. ಜುಲೈ ಕೊನೆಗೆ ನೀರು ಬೆಚ್ಚಗಾಗಿ ಹೊರಗಿನ ಆಳಕ್ಕೆ, ಗ್ರೇವ್ಸ್ ದೀಪಸ್ತಂಭದ ಆಚೀಚೆ ಸರಿದಿರುತ್ತದೆ. ಆಗ ಪೋಗಿ ಬಳಸುತ್ತಾರೆ, ಬೂತಾಯಿಯ ದೂರದ ನೆಂಟ, ಅಂಗೈಗಿಂತ ದೊಡ್ಡದು, ಎಣ್ಣೆ ಜಾಸ್ತಿ.

ಮ್ಯಾಕರೆಲ್ ಹಿಡಿಯುವುದು ಸಬೀಕಿ ದಾರದಲ್ಲಿ: ಒಂದೇ ದಾರಕ್ಕೆ ಐದಾರು ಸಣ್ಣ ಗಾಳ, ತುದಿಗೆ 2ರಿಂದ 4 ಔನ್ಸ್ ಸೀಸ. ಮಗಳಿಗೆ ದಿನದ ಅತಿ ಖುಷಿಯ ಭಾಗ ಇದೇ ಆಗಬಹುದು, ಒಮ್ಮೆಗೆ ಮೂರು ನಾಲ್ಕು ಏರುತ್ತವೆ. ಒಣ ಕೈಯಲ್ಲಿ ಮುಟ್ಟಲು ಬಿಡಬೇಡಿ. ಮೈಯ ಲೋಳೆ ಹೋದ ಎರೆ ತೊಟ್ಟಿಯಲ್ಲಿ ಅರ್ಧ ತಾಸೂ ಬದುಕುವುದಿಲ್ಲ.

ದೊಡ್ಡ ಗಾಳದ ನಿಯಮ: ಇಡೀ ಎರೆಯಿರಲಿ, ತುಂಡು ಎರೆಯಿರಲಿ, ಸ್ಟ್ರೈಪರ್‌ಗೆ ಹಾಕುವಾಗ ಸರ್ಕಲ್ ಹುಕ್ (ಮೊನೆ ಒಳಕ್ಕೆ ಬಾಗಿದ ದುಂಡು ಗಾಳ) ಕಡ್ಡಾಯ. ಮೊನೆ ಪಕ್ಕಕ್ಕೆ ತಿರುಚಿರಬಾರದು, ಕಾಂಡದ ನೇರಕ್ಕೇ ಬಾಗಿರಬೇಕು. ಇಡೀ ಕರಾವಳಿಗೆ ಇದು 2021ರಿಂದ ಜಾರಿಯಲ್ಲಿದೆ. ಮ್ಯಾಕರೆಲ್‌ಗೆ 7/0ರಿಂದ 9/0 ಅಳತೆ, ಮೂಗಿನ ಅಡ್ಡಕ್ಕೆ ಅಥವಾ ಬೆನ್ನುರೆಕ್ಕೆಯ ಮುಂದೆ ಚುಚ್ಚುತ್ತಾರೆ. ರಾಡು 7 ಅಡಿ, ರೀಲಿಗೆ 30 ಪೌಂಡಿನ ಹೆಣೆದ ದಾರ, ತುದಿಗೆ 3ರಿಂದ 4 ಅಡಿ 40 ಪೌಂಡಿನ ಫ್ಲೋರೋಕಾರ್ಬನ್ ಲೀಡರ್ (ಗಾಳಕ್ಕೆ ಕಟ್ಟುವ ತುದಿದಾರ). ಡ್ರ್ಯಾಗ್ (ರೀಲಿನ ಬ್ರೇಕು) 7-8 ಪೌಂಡಿಗೆ, ಅಂದರೆ ದಾರದ ಬಲದ ಕಾಲು ಭಾಗಕ್ಕೆ ಕಟ್ಟಿರಬೇಕು. ಇವೆಲ್ಲ ಕ್ಯಾಪ್ಟನ್ ಕೊಡುತ್ತಾರೆ. ನೀವು ತರಬೇಕಾಗಿಲ್ಲ, ಗೊತ್ತಿದ್ದರೆ ಸಾಕು.

ತಪ್ಪುವುದು ಎಲ್ಲಿ ಗೊತ್ತೇ? ಕೈದಾರದ ಅಭ್ಯಾಸ ಇದ್ದವರಿಗೇ ಮೊದಲು ತಪ್ಪುತ್ತದೆ. ಕೈದಾರದಲ್ಲಿ ಕಚ್ಚಿದ ಕೂಡಲೇ ಜಗ್ಗಬೇಕು, ಸರ್ಕಲ್ ಹುಕ್ಕಿನಲ್ಲಿ ಜಗ್ಗಲೇಬಾರದು. ಜಗ್ಗಿದರೆ ಗಾಳ ತೆರೆದ ಬಾಯಿಂದ ಎರೆಯ ಸಮೇತ ಹೊರಗೆ ಜಾರುತ್ತದೆ. ಕ್ರಮ ಹೀಗೆ: ರಾಡು ನೀರಿನ ಕಡೆಗೆ ತಗ್ಗಿಸಿ ಹಿಡಿಯಿರಿ. ಎರೆ ನಡುಗುವುದು ತುದಿಯಲ್ಲಿ ತಿಳಿಯುತ್ತದೆ, ಅದು ಸ್ಟ್ರೈಪರ್ ಹಿಂದೆ ಬಿದ್ದ ಗುರುತು. ದಾರ ಒಮ್ಮೆಲೇ ಓಡಲು ಶುರುವಾದರೆ ಮೂರು ನಾಲ್ಕು ಎಣಿಸುವಷ್ಟು ಓಡಲು ಬಿಟ್ಟು, ರೀಲ್ ಬಿಗಿ ಮಾಡಿ, ಸುಮ್ಮನೆ ಸುತ್ತುತ್ತಾ ಹೋಗಿ. ಮೀನು ತಿರುಗಿದಾಗ ಗಾಳ ತಾನೇ ಬಾಯಿಯ ಮೂಲೆಗೆ ಸಿಕ್ಕಿಕೊಳ್ಳುತ್ತದೆ. ಬಹಳ ಹೊತ್ತು ಬಿಟ್ಟರೆ ಸರ್ಕಲ್ ಹುಕ್ಕೂ ಗಂಟಲಿಗೆ ಇಳಿಯಬಹುದು.

ಆಮೇಲಿನ ತಪ್ಪುಗಳು: ಡ್ರ್ಯಾಗ್ ಕರಕರ ಅನ್ನುತ್ತಾ ದಾರ ಹೊರಗೆ ಹೋಗುವಾಗ ಹ್ಯಾಂಡಲ್ ತಿರುಗಿಸುವುದು. ದಾರ ಒಳಗೆ ಬರುವುದಿಲ್ಲ, ತಿರುಚಿಕೊಳ್ಳುತ್ತದೆ, ಮುಂದಿನ ಸಲ ಗಂಟಾಗುತ್ತದೆ. ಓಡುವಾಗ ಹಿಡಿದು ನಿಲ್ಲಿ, ನಿಂತಾಗ ರಾಡು ನಿಧಾನ ಎತ್ತಿ, ಇಳಿಸುತ್ತಾ ಸುತ್ತಿ. ದೋಣಿಯ ಪಕ್ಕಕ್ಕೆ ಬಂದ ಮೀನಿಗೆ ರಾಡನ್ನು ನೆಟ್ಟಗೆ ಮೇಲೆತ್ತಿದರೆ ತುದಿ ಮುರಿಯುತ್ತದೆ, ಎರಡು ಹೆಜ್ಜೆ ಹಿಂದೆ ಸರಿಯಿರಿ. ಹೆಣೆದ ದಾರವನ್ನು ಬರಿಗೈಯಲ್ಲಿ ಸುತ್ತಿ ಎಳೆಯಬೇಡಿ, ಬ್ಲೇಡಿನ ಹಾಗೆ ಕೊಯ್ಯುತ್ತದೆ. ಅಪ್ಪಯ್ಯನವರಿಗೆ ಇದನ್ನು ಎರಡು ಸಲ ಹೇಳಿ, ಕೈದಾರದವರ ಕೈ ತಾನಾಗಿ ದಾರಕ್ಕೇ ಹೋಗುತ್ತದೆ.

ಬಂಡೆಸಾಲು:

ಉಪ್ಪುಗಾಳಿಯವರು ಬರೆದದ್ದು ಸರಿ. ಆದರೆ ಈ ಐದು ಜನಕ್ಕೆ ಜೀವಂತ ಎರೆ ಮೊದಲ ಆಯ್ಕೆ ಆಗಬಾರದು ಅನ್ನುವುದು ನನ್ನ ಮಾತು. ಅಲೆಯ ಮೇಲೆ ನಿಂತು, ಎರೆಯ ನಡುಕ ಗುರುತಿಸಿ, ಎಣಿಸಿ, ರೀಲ್ ಬಿಗಿ ಮಾಡುವುದು ಮೊದಲ ದಿನದ ಕೆಲಸವಲ್ಲ. ನಾಲ್ಕು ತಾಸಿನಲ್ಲಿ ಅದನ್ನು ಕಲಿಯುವಷ್ಟರಲ್ಲಿ ಇಳಿತ ಮುಗಿದಿರುತ್ತದೆ.

‘ಟ್ಯೂಬ್ ಆಂಡ್ ವರ್ಮ್’ ಕೇಳಿ. 18ರಿಂದ 24 ಇಂಚಿನ ಕೆಂಪು ಅಥವಾ ಕಂದು ರಬ್ಬರ್ ಕೊಳವೆ, ಬಾಲದ ತುದಿಯಲ್ಲಿ ಒಂದು ಗಾಳ, ಅದಕ್ಕೆ ಮೂರು ನಾಲ್ಕು ಇಂಚಿನ ಕಡಲ ಹುಳು. ಹುಳುವನ್ನು ತಲೆಯಿಂದ ಪೋಣಿಸಿ ಉಳಿದದ್ದು ನೇತಾಡಲು ಬಿಡಬೇಕು. ಕೊಳವೆ ಸ್ವಲ್ಪ ಬಾಗಿರುವುದರಿಂದ ಎಳೆದಾಗ ಹಾವಿನ ಹಾಗೆ ಸುರುಳಿ ಸುತ್ತುತ್ತದೆ. ರಾಡು ಹೋಲ್ಡರ್‌ನಲ್ಲೇ ಇರುತ್ತದೆ, ಮೀನು ತಾನೇ ಸಿಕ್ಕಿಕೊಳ್ಳುತ್ತದೆ. ಕೂತಲ್ಲಿಂದ ಎದ್ದು ರಾಡು ತೆಗೆದುಕೊಂಡು ಸುತ್ತಿದರಾಯಿತು. ಕೃತಕ ಲೂರಿಗೆ ಸೇರಿಸಿದ ಎರೆಗೆ ಸರ್ಕಲ್ ಹುಕ್ ನಿಯಮ ಅನ್ವಯಿಸುವುದಿಲ್ಲ, ಅದನ್ನು ಆಯೋಗವೇ ಸ್ಪಷ್ಟಪಡಿಸಿದೆ.

ಕೆಲಸ ಕೆಡುವುದು ಎರಡೇ ಕಾರಣಕ್ಕೆ, ವೇಗ ಮತ್ತು ಆಳ. ತಾಸಿಗೆ 2 ಮೈಲಿಯ ಸುಮಾರು ಇರಬೇಕು, 3 ದಾಟಿದರೆ ಕೊಳವೆ ಬಿರುಸಾಗಿ ತಿರುಗಿ ದಾರ ತಿರುಚುತ್ತದೆ, ಸ್ಟ್ರೈಪರ್ ಮೂಸಿಯೂ ನೋಡುವುದಿಲ್ಲ. ಆಳಕ್ಕೆ ಸೀಸದ ಎಳೆಯಿರುವ ಲೆಡ್‌ಕೋರ್ ದಾರ ಬಳಸುತ್ತಾರೆ. ಪ್ರತಿ 10 ಗಜಕ್ಕೆ ಬಣ್ಣ ಬದಲಾಗುತ್ತದೆ, ಈ ವೇಗದಲ್ಲಿ ಒಂದು ಬಣ್ಣಕ್ಕೆ ಸುಮಾರು 5 ಅಡಿ ಇಳಿಯುತ್ತದೆ. 15 ಅಡಿ ಆಳದ ಬಂಡೆನೆಲಕ್ಕೆ ಎರಡೂವರೆಯಿಂದ ಮೂರು ಬಣ್ಣ. ಆಗಾಗ ಬಂಡೆಗೆ ತಾಗಿದ ಹಾಗೆ ರಾಡು ತುದಿ ಕುಟ್ಟಬೇಕು. ಕುಟ್ಟದೇ ಇದ್ದರೆ ಮೀನಿನ ತಲೆಯ ಮೇಲೆ ಹಾದುಹೋಗುತ್ತಿದೆ ಅಂತ ಅರ್ಥ. ಕೊಳವೆಗೆ ಪಾಚಿ ಸಿಕ್ಕಿದರೆ ಸುರುಳಿ ನಿಲ್ಲುತ್ತದೆ, ಹತ್ತು ನಿಮಿಷಕ್ಕೊಮ್ಮೆ ಎಳೆದು ನೋಡುವ ಕ್ಯಾಪ್ಟನ್ ಒಳ್ಳೆಯ ಕ್ಯಾಪ್ಟನ್. ನೇರ ಹೋಗುವುದಕ್ಕಿಂತ ಹಾವಿನ ನಡೆ ಒಳ್ಳೆಯದು. ತಿರುವಿನ ಒಳಗಿನ ರಾಡು ಇಳಿಯುತ್ತದೆ, ಹೊರಗಿನದು ಏರುತ್ತದೆ. ಯಾವ ಬದಿಯಲ್ಲಿ ಕಚ್ಚಿತು ಅನ್ನುವುದರಿಂದ ಸರಿಯಾದ ಆಳ ಗೊತ್ತಾಗುತ್ತದೆ.

ಮೊದಲ ಎರಡು ತಾಸು ಇದು, ಎಲ್ಲರ ಕೈಯೂ ಒಂದೊಂದು ಮೀನಿಗೆ ಪಳಗಿದ ಮೇಲೆ ಎರೆ. ಕ್ಯಾಪ್ಟನ್‌ಗೆ ಫೋನಿನಲ್ಲೇ ಹೀಗೆ ಹೇಳಿಬಿಡಿ.

ಉಪ್ಪುಗಾಳಿ:

ಒಪ್ಪಿದೆ, ಈ ಗುಂಪಿಗೆ ಅದೇ ಸರಿ. ಒಂದು ಮಾತು ಸೇರಿಸುತ್ತೇನೆ: ಬ್ಲೂಫಿಶ್ ಬಂದ ದಿನ ಟ್ಯೂಬ್ ಉಳಿಯುವುದಿಲ್ಲ. ಬಾಲ ಕಡಿದ ಕೊಳವೆ ಎರಡು ಸಲ ಮೇಲೆ ಬಂದರೆ ಜಾಗ ಬದಲಿಸಬೇಕು, ಇಲ್ಲವೇ ಭಾರವಾದ ಲೋಹದ ಲೂರು, ಅಂದರೆ ಜಿಗ್‌ಗೆ ಹೋಗಬೇಕು.

ಕುಂದಾಪ್ರ_ಟು_ಕ್ವಿನ್ಸಿ:

ತುಂಬಾ ಉಪಕಾರವಾಯಿತು. ಪಂಚಾಂಗದ ಲೆಕ್ಕ ಅಪ್ಪಯ್ಯನಿಗೆ ಓದಿ ಹೇಳಿದೆ, ದಿನ ಅವರೇ ಗುರುತು ಹಾಕಿದರು. ಇನ್ನು ಉಳಿದದ್ದು ಮೂರು. ವಾಪಸ್ ಬಿಡಬೇಕಾದ ಮೀನನ್ನು ಸಾಯದ ಹಾಗೆ ಬಿಡುವುದು ಹೇಗೆ? ಬ್ಲೂಫಿಶ್ ತಿನ್ನಲು ಹೇಗೆ, ಕೆಲವರು ವಾಸನೆ ಅನ್ನುತ್ತಾರೆ. ಇಡೀ ಮೀನು ತರುವ ವಿಷಯಕ್ಕೆ ಯಾರೂ ಉತ್ತರ ಹೇಳಲಿಲ್ಲ.

ಧಕ್ಕೆ617:

ವಾಪಸ್ ಬಿಡುವುದು ಕೇಳಿದ್ದು ಒಳ್ಳೆಯದಾಯಿತು, ಬಹಳ ಜನ ಕೇಳುವುದೇ ಇಲ್ಲ. ಬಿಟ್ಟ ಸ್ಟ್ರೈಪರ್‌ಗಳಲ್ಲಿ ಶೇಕಡಾ 9 ಸಾಯುತ್ತವೆ ಅನ್ನುವ ಅಂದಾಜಿನ ಮೇಲೆ ಆಯೋಗ ಲೆಕ್ಕ ಹಾಕುತ್ತದೆ. ನೂರು ಬಿಟ್ಟರೆ ಒಂಬತ್ತು. ನೀರು 70 ಡಿಗ್ರಿ ಫ್ಯಾರನ್‌ಹೀಟ್ ಹತ್ತಿರವಾದಷ್ಟೂ ಮೀನಿಗೆ ಕಷ್ಟ ಹೆಚ್ಚು. ಬೇಗ ಎಳೆದು ತರಬೇಕು, ಆಟ ಆಡಿಸುತ್ತಾ ಕೂರಬಾರದು. ಮುಟ್ಟುವ ಮೊದಲು ಕೈ ಒದ್ದೆ ಮಾಡಿಕೊಳ್ಳಿ. ಸ್ಟ್ರೈಪರ್‌ನ ಕೆಳದವಡೆ ಮರಳುಕಾಗದದ ಹಾಗಿದೆ, ಹೆಬ್ಬೆರಳು ಹಾಕಿ ಹಿಡಿಯಬಹುದು. ಆದರೆ ದೊಡ್ಡದನ್ನು ದವಡೆಯಿಂದ ನೇತಾಡಿಸಬಾರದು, ಇನ್ನೊಂದು ಕೈ ಹೊಟ್ಟೆಯಡಿ ಕೊಟ್ಟು ಅಡ್ಡಲಾಗಿ ಹಿಡಿಯಬೇಕು. ಕಿವಿರಿಗೆ ಬೆರಳು ಹಾಕಲೇಬಾರದು. ಫೋಟೋ ತೆಗೆಯುವವರು ಕ್ಯಾಮೆರಾ ಹಿಡಿದು ಸಿದ್ಧರಾದ ಮೇಲೆ ಮೀನು ನೀರಿನಿಂದ ಮೇಲೆ ಬರಬೇಕು, ಐದಾರು ಸೆಕೆಂಡ್ ಸಾಕು. ಬಿಡುವಾಗ ಹರಿವಿಗೆ ಮುಖ ಮಾಡಿಸಿ ಬಾಲದ ಬುಡ ಹಿಡಿದುಕೊಳ್ಳಿ, ಅದೇ ಕೊಡವಿ ಹೊರಟಾಗ ಬಿಡಿ. ಗಾಳ ಗಂಟಲಲ್ಲಿದ್ದರೆ ಕೀಳಬೇಡಿ, ದಾರವನ್ನು ಗಾಳದ ಹತ್ತಿರ ಕತ್ತರಿಸಿ. ಲೂರುಗಳಲ್ಲಿ ಮೂರು ಕವಲಿನ ಗಾಳದ ಬದಲು ಒಂಟಿ ಗಾಳ ಹಾಕಿ, ಅದರ ಮುಳ್ಳು ಒತ್ತಿ ಚಪ್ಪಟೆ ಮಾಡಿರುವ ಕ್ಯಾಪ್ಟನ್ ಸಿಕ್ಕರೆ ಬಿಡಬೇಡಿ. ಮಗುವಿರುವ ದೋಣಿಯಲ್ಲಿ ಅದು ಮೀನಿಗಿಂತ ಮೊದಲು ನಿಮಗೇ ಕ್ಷೇಮ.

ಮೀನ್_ಗಸಿ:

ಬ್ಲೂಫಿಶ್ ಮತ್ತು ಅಡುಗೆಮನೆಯ ಭಾಗ ನನಗೆ ಬಿಡಿ.

ಮೊದಲು ಕೈ. ಬ್ಲೂಫಿಶ್‌ನ ಹಲ್ಲು ಕತ್ತರಿಯ ಹಾಗೆ ಕೂಡುತ್ತದೆ, ದೋಣಿಯೊಳಗೆ ಬಂದ ಮೇಲೂ ಕಚ್ಚಲು ನೋಡುತ್ತದೆ. ಸ್ಟ್ರೈಪರ್ ಬಾಯಿಗೆ ಹೆಬ್ಬೆರಳು ಹಾಕಿದ ಅಭ್ಯಾಸದಲ್ಲಿ ಇದಕ್ಕೂ ಹಾಕಿದರೆ ಬೆರಳು ಹೋಯಿತು. ತಲೆಯ ಹಿಂದೆ ಬಿಗಿಯಾಗಿ ಹಿಡಿದು, ಉದ್ದ ಮೂತಿಯ ಇಕ್ಕಳದಲ್ಲಿ ಗಾಳ ತೆಗೆಯಬೇಕು, ಅದನ್ನು ಕ್ಯಾಪ್ಟನ್ನೇ ಮಾಡಲಿ. ದಾರ ಉಳಿಸಿಕೊಳ್ಳಲು ಲೂರಿನ ಮುಂದೆ 6ರಿಂದ 8 ಇಂಚು ತಂತಿ ಹಾಕುತ್ತಾರೆ, ಇಲ್ಲವೇ 60-80 ಪೌಂಡಿನ ದಪ್ಪ ಮಾನೋ (ಒಂಟಿ ಎಳೆಯ ನೈಲಾನ್ ದಾರ). ಇಡೀ ದಿನ ತಂತಿ ಹಾಕಿಟ್ಟರೆ ಸ್ಟ್ರೈಪರ್ ಹಿಂಜರಿಯುತ್ತದೆ, ಹಾಗಾಗಿ ಬ್ಲೂಫಿಶ್ ಬಂದದ್ದು ಖಾತ್ರಿಯಾದ ಮೇಲಷ್ಟೇ. ಜುಲೈ ಕೊನೆಯಿಂದ ಸೆಪ್ಟೆಂಬರ್ ಅದರ ಕಾಲ, ಆದರೆ ಹಾರ್ಬರ್‌ಗೆ ಬರುವುದು ಬಿಡುವುದು ವರ್ಷದಿಂದ ವರ್ಷಕ್ಕೆ ಬದಲು. ನೀರಿನ ಮೇಲೆ ಹಕ್ಕಿಗಳು ಮುಗಿಬಿದ್ದು, ಕೆಳಗೆ ನೀರು ಕುದಿಯುವ ಹಾಗಿದ್ದರೆ ದೋಣಿಯನ್ನು ಗುಂಪಿನ ನಡುವೆ ನುಗ್ಗಿಸಬಾರದು. ಅಂಚಿನಲ್ಲಿ ಎಂಜಿನ್ ತಗ್ಗಿಸಿ, ಗಾಳಿಯ ಮೇಲುಬದಿಯಿಂದ ತೇಲಿ ಬಂದು ಎಸೆಯಬೇಕು.

ವಾಸನೆ ಮೀನಿನದ್ದಲ್ಲ, ಇಟ್ಟುಕೊಂಡ ರೀತಿಯದ್ದು. ಎಣ್ಣೆ ತುಂಬಿದ ಮೀನು, ಬಿಸಿಲಿಗೆ ಅರ್ಧ ತಾಸು ಬಿದ್ದಿದ್ದರೆ ಕೆಟ್ಟಿತು. ಹಿಡಿದ ನಿಮಿಷದಲ್ಲೇ ಕಿವಿರು ಕೊಯ್ದು ರಕ್ತ ಹರಿಸಬೇಕು. ಆಮೇಲೆ ಎರಡು ಪಾಲು ಐಸಿಗೆ ಒಂದು ಪಾಲು ಕಡಲ ನೀರು ಬೆರೆಸಿದ ಕೂಲರ್‌ನಲ್ಲಿ ಮುಳುಗಿಸಬೇಕು. ಬರೀ ಐಸಿನ ಮೇಲೆ ಇಟ್ಟರೆ ಮೇಲುಬದಿ ಬೆಚ್ಚಗೇ ಉಳಿಯುತ್ತದೆ. ಇದು ರುಚಿಯ ಮಾತಷ್ಟೇ ಅಲ್ಲ. ಬೆಚ್ಚಗೆ ಉಳಿದ ಬ್ಲೂಫಿಶ್‌ನಲ್ಲಿ ಹಿಸ್ಟಮೀನ್ ಸೇರಿಕೊಂಡು ಮುಖ ಕೆಂಪಾಗುವುದು, ತುರಿಕೆ, ಎದೆಬಡಿತ ಬರುತ್ತದೆ. ಎಷ್ಟು ಕುದಿಸಿದರೂ ಅದು ಹೋಗುವುದಿಲ್ಲ. ಮ್ಯಾಕರೆಲ್‌ಗೂ ಇದೇ ಮಾತು, ಎರೆಗೆ ಹಿಡಿದು ಉಳಿದದ್ದನ್ನು ಹುರಿಯಲು ತರುವುದಾದರೆ ನೆನಪಿರಲಿ.

ಇನ್ನೊಂದು ಎಚ್ಚರ. ಬ್ಲೂಫಿಶ್‌ನ ಕೊಬ್ಬಿನಲ್ಲಿ ಪಿಸಿಬಿ ಎಂಬ ಕಾರ್ಖಾನೆ ರಾಸಾಯನಿಕ ಸೇರಿರುತ್ತದೆ. ಗರ್ಭಿಣಿಯರು, ಹಾಲೂಡಿಸುವವರು, ಸಣ್ಣ ಮಕ್ಕಳು ತಿನ್ನಬಾರದು ಅನ್ನುವುದು ಇಲ್ಲಿನ ಆರೋಗ್ಯ ಇಲಾಖೆಯ ಸಲಹೆ. ಮಗಳ ತಟ್ಟೆಗೆ ಸ್ಟ್ರೈಪರ್‌ನ ಸಣ್ಣ ತುಂಡು ಸಾಕು, ಅದೂ ಅಪರೂಪಕ್ಕೆ. ದೊಡ್ಡವರಿಗೂ ಬ್ಲೂಫಿಶ್‌ನ ಚರ್ಮ, ಪಕ್ಕೆಯ ಉದ್ದಕ್ಕೂ ಇರುವ ಕಡುಗೆಂಪು ಮಾಂಸ, ಹೊಟ್ಟೆಯ ಕೊಬ್ಬು ತೆಗೆದರೆ ಒಳ್ಳೆಯದು. ಅರ್ಧ ವಾಸನೆ ಇರುವುದೂ ಅಲ್ಲೇ. ಇರಿಸಿಕೊಳ್ಳುವಾಗ 2-3 ಪೌಂಡಿನ ಸಣ್ಣದನ್ನು ಆರಿಸಿ. ಹತ್ತು ಪೌಂಡಿನ ಮುದುಕನನ್ನು ವಾಪಸ್ ಬಿಡಿ, ರುಚಿಯೂ ಇಲ್ಲ, ವಿಷವೂ ಹೆಚ್ಚು.

ಇಡೀ ಮೀನು ಬೇಕಾದರೆ ದೋಣಿ ಹತ್ತುವಾಗಲೇ ಕ್ಯಾಪ್ಟನ್‌ಗೆ ಹೇಳಬೇಕು. ಇಲ್ಲದಿದ್ದರೆ ವಾಪಸ್ ಬರುವ ದಾರಿಯಲ್ಲೇ ಅಭ್ಯಾಸಬಲದಿಂದ ಎರಡು ಫಿಲೆ ಎತ್ತಿ, ತಲೆ, ಮುಳ್ಳು ಬೇರೆ ಮಾಡಿಬಿಡುತ್ತಾರೆ. ‘ಕಿವಿರು, ಕರುಳು ತೆಗೆದು, ತಲೆ, ಬಾಲ ಹಾಗೇ ಇರಲಿ’ ಅನ್ನಿ. ಕಾನೂನಿಗೂ ಅದೇ ಸಲೀಸು, ದಾರಿಯಲ್ಲಿ ಯಾರಾದರೂ ಅಳೆಯಲು ಬಂದರೆ ಮೀನು ಇಡಿಯಾಗಿದೆ. 31 ಇಂಚಿನ ಹತ್ತಿರದ ಮೀನು ಮಾಮೂಲಿ ಕೂಲರ್‌ನಲ್ಲಿ ಬಾಗಿ ಕೂರುತ್ತದೆ. ಕಾರಿನಲ್ಲಿ 60 ಕ್ವಾರ್ಟಿನದ್ದಾದರೂ ಒಂದು ಇರಲಿ, 20 ಪೌಂಡ್ ಐಸ್ ಬೆಳಿಗ್ಗೆಯೇ ತುಂಬಿಡಿ. ಚಿಪ್ಪು ದಪ್ಪ, ಮನೆಯ ಸಿಂಕಿನಲ್ಲಿ ತೆಗೆದರೆ ಗೋಡೆಗೆಲ್ಲ ಹಾರುತ್ತದೆ. ಧಕ್ಕೆಯಲ್ಲೇ ಉಜ್ಜಿಸಿಕೊಳ್ಳಿ.

ಸ್ಟ್ರೈಪರ್ ಬಿಳಿ ಮಾಂಸ, ಗಟ್ಟಿ ಪದರ, ಒಂದಿಂಚಿನ ಅಡ್ಡ ತುಂಡು ಮಾಡಿದರೆ ಗಸಿಯಲ್ಲಿ ಒಡೆಯುವುದಿಲ್ಲ. ಕಾಯಿ ಹಾಕಿದ ಸಾರಿಗೆ ಅದು. ತಲೆಯನ್ನು ಎರಡು ಹೋಳು ಮಾಡಿಸಿ, ಕೆನ್ನೆಯ ಮಾಂಸ ಬಿಡಬೇಡಿ. ಬ್ಲೂಫಿಶ್‌ಗೆ ಕಾಯಿ ಹೊಂದುವುದಿಲ್ಲ, ಬಂಗುಡೆಗೆ ಮಾಡುವ ಪುಳಿಮುಂಚಿಯೇ ಸರಿ. ಹುಣಸೆಹುಳಿ ಎಣ್ಣೆಯ ಜಿಡ್ಡನ್ನು ಮುರಿಯುತ್ತದೆ. ಹುಳಿ, ಮೆಣಸಿನ ಮಸಾಲೆ ಮೊದಲು ಚೆನ್ನಾಗಿ ಕುದಿಸಿ, ಮೀನು ಕೊನೆಗೆ ಹಾಕಿ, 7-8 ನಿಮಿಷ ಸಾಕು. ಅದನ್ನು ಫ್ರೀಜರ್‌ನಲ್ಲಿ ಇಡಬೇಡಿ, ಅವತ್ತೇ ಅಥವಾ ಮರುದಿನ ಮುಗಿಸಿ. ಸ್ಟ್ರೈಪರ್ ಗಾಳಿಯಾಡದ ಹಾಗೆ ಕಟ್ಟಿದರೆ ಎರಡು ಮೂರು ತಿಂಗಳು ಇರುತ್ತದೆ.

ಹಲ್_ಗಟ್:

ಹಿರಿಯರಿಗೆ ತಲೆಸುತ್ತಿನ ಮಾತ್ರೆ (ಮೆಕ್ಲಿಜಿನ್) ಕೊಡುವುದಾದರೆ ಹೊರಡುವ ಒಂದು ತಾಸು ಮೊದಲು ಕೊಡಿ, ವಾಕರಿಕೆ ಶುರುವಾದ ಮೇಲೆ ಕೊಟ್ಟರೆ ಉಪಯೋಗವಿಲ್ಲ. ಬೇರೆ ಔಷಧಿ ತೆಗೆದುಕೊಳ್ಳುತ್ತಿದ್ದರೆ ವೈದ್ಯರನ್ನು ಕೇಳಿ. ಬೆಳಗಿನ 5ಕ್ಕೆ ನೀರಿನ ಮೇಲೆ ಜುಲೈಯಲ್ಲೂ ಚಳಿ ಇರುತ್ತದೆ, ಒಂದು ಗಾಳಿತಡೆ ಜಾಕೆಟ್ ಇರಲಿ. ತಿಂಡಿಗೆ ಚಪಾತಿ, ಒಣ ಅವಲಕ್ಕಿ ಸರಿ, ಬಾಳೆಹಣ್ಣು ಮಾತ್ರ ಕಾರಿನಲ್ಲೇ ಬಿಡಿ. ದೋಣಿಯಲ್ಲಿ ಬಾಳೆಹಣ್ಣು ಇದ್ದರೆ ಮೀನು ಕಚ್ಚುವುದಿಲ್ಲ ಅನ್ನುವ ನಂಬಿಕೆ ಇಲ್ಲಿನ ಬಹಳ ಕ್ಯಾಪ್ಟನ್‌ಗಳಿಗೆ ಗಟ್ಟಿಯಾಗಿದೆ. ಅವರ ದೋಣಿ, ಅವರ ನಂಬಿಕೆ, ಗೌರವ ಕೊಡೋಣ.

ಕುಂದಾಪ್ರ_ಟು_ಕ್ವಿನ್ಸಿ:

ಷಷ್ಠಿಯ ಬೆಳಿಗ್ಗೆ 5ಕ್ಕೆ, 4 ತಾಸು, ಎರೆ ಕ್ಯಾಪ್ಟನ್ನೇ ತರುತ್ತಾರೆ, ಮೊದಲು ಟ್ಯೂಬ್, ಆಮೇಲೆ ಎರೆ ಅಂತ ಮಾತಾಯಿತು. ಶೌಚದ ಕೋಣೆ ಇರುವ ದೋಣಿ. ಒಂದೇ ಅನುಮಾನ: ಗ್ಯಾಫ್ (ಮೀನಿಗೆ ಚುಚ್ಚಿ ಎತ್ತುವ ಕೊಕ್ಕೆ) ಇಲ್ಲ, ಬಲೆ ಮಾತ್ರ ಇದೆ ಅಂದರು. ಸಾಕಾಗುತ್ತದೋ?

ಧಕ್ಕೆ617:

ಇಲ್ಲದಿರುವುದೇ ಸರಿ. ಸ್ಟ್ರೈಪರ್‌ಗೆ ಗ್ಯಾಫ್ ಚುಚ್ಚುವುದು ನಿಷೇಧ. ಅಳೆಯುವ ಮೊದಲೇ ಗಾಯ ಮಾಡಿದ ಮೀನನ್ನು ವಾಪಸ್ ಬಿಟ್ಟು ಏನು ಪ್ರಯೋಜನ? ಬಲೆ ಗಂಟಿಲ್ಲದ ರಬ್ಬರ್‌ನದ್ದೋ ಅಂತ ನೋಡಿ. ನೂಲಿನ ಗಂಟುಬಲೆ ಮೈಯ ಲೋಳೆ ಒರೆಸುತ್ತದೆ, ರೆಕ್ಕೆ ಸೀಳುತ್ತದೆ. ಮೀನು ಬಲೆಗೆ ಬರುವಾಗ ತಲೆ ಮುಂದೆ ಇರಬೇಕು. ಬಾಲದ ಕಡೆಯಿಂದ ಬಲೆ ಹಾಕಿದರೆ ಒಂದೇ ಒದೆತಕ್ಕೆ ತಪ್ಪಿಸಿಕೊಳ್ಳುತ್ತದೆ.